ಗ್ಲೂಕೋಸ್, ಕೀಟೋನ್ ಸೆನ್ಸರ್‌ಗಳನ್ನು ಮೀಟರ್ ಜೊತೆ ತಾಳೆ ನೋಡೋದು ಹೇಗೆ?

ಪೆನ್_ನೀಡಲ್:
ಟೈಪ್ 1 ಮಧುಮೇಹ ಇರುವವರ ತೋಳಿಗೆ ಗ್ಲೂಕೋಸ್ ಸೆನ್ಸರ್ ಒಂದು, ಕೀಟೋನ್ (ದೇಹ ಕೊಬ್ಬು ಉರಿಸಿದಾಗ ರಕ್ತಕ್ಕೆ ಬರುವ ಆಮ್ಲ) ಸೆನ್ಸರ್ ಒಂದು ಹಾಕಿ 14 ದಿನ ಪರೀಕ್ಷೆ ಮಾಡಬೇಕಿದೆ. ಊಟವಾಗಿ ಮುಕ್ಕಾಲು ಗಂಟೆಗೆ ಗ್ಲೂಕೋಸ್ ಸೆನ್ಸರ್ 148 (ಮಿ.ಗ್ರಾಂ/ಡಿ.ಲೀ) ಅಂತಿದೆ, ಬೆರಳು ಚುಚ್ಚಿದರೆ 181. ಕೀಟೋನ್ ಸೆನ್ಸರ್ 0.4 (ಮಿಲಿಮೋಲ್/ಲೀ), ಸ್ಟ್ರಿಪ್ 0.2. ಲೆಕ್ಕ ಹಾಕಿದರೆ 100% ತಪ್ಪು! ಯಾವುದನ್ನು ನಂಬೋದು? ಯಾವ ಹೊತ್ತಲ್ಲಿ ಚುಚ್ಚಬೇಕು?

ಸ್ಟ್ರಿಪ್_ಡಬ್ಬಿ:
ಗ್ಲೂಕೋಸ್ ವಿಚಾರದಲ್ಲಿ ಎರಡೂ ಸರಿಯಿರಬಹುದು. ಸೆನ್ಸರ್ ಅಳೆಯೋದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಅಲ್ಲಿಗೆ ಸಕ್ಕರೆ ತಲುಪೋಕೆ ಸುಮಾರು 5ರಿಂದ 15 ನಿಮಿಷ ತಡ. ಊಟದ ನಂತರ ನಿಮಿಷಕ್ಕೆ 3 ಮಿ.ಗ್ರಾಂ ಏರುತ್ತಿದ್ದರೆ 10 ನಿಮಿಷದ ತಡಕ್ಕೇ 30ರ ವ್ಯತ್ಯಾಸ ಬಂತು. ನಿಮ್ಮದು 33.

ಹಾಗಾಗಿ ಸೆನ್ಸರ್ ಪರದೆಯಲ್ಲಿ ಸಕ್ಕರೆಯ ಏರಿಳಿತ ತೋರಿಸುವ ಬಾಣ ಅಡ್ಡಲಾಗಿ ನಿಂತು ಕಾಲು ಗಂಟೆಯಾದ ಮೇಲೆ ಮಾತ್ರ ಜೋಡಿ ರೀಡಿಂಗ್ ತೆಗೆಯಿರಿ. ಮೊದಲ 24 ಗಂಟೆಯದನ್ನು ಬೇರೆ ಪಟ್ಟಿಯಲ್ಲಿಡಿ, ಹೊಸ ಸೆನ್ಸರ್ ಆ ಹೊತ್ತಲ್ಲಿ ಅಡ್ಡಾದಿಡ್ಡಿ ಓಡುತ್ತದೆ. ಕೈಯನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಬೆರಳಲ್ಲಿ ಹಣ್ಣಿನ ಅಂಟು ಇದ್ದರೆ ಮೀಟರ್ ಸುಮ್ಮನೆ ಏರಿಸಿ ತೋರಿಸುತ್ತದೆ, ಕೈ ಒದ್ದೆಯಿದ್ದರೆ ರಕ್ತ ತೆಳುವಾಗಿ ಇಳಿಸುತ್ತದೆ. ಒಂದೇ ಸಲಕ್ಕೆ ಎರಡು ಸ್ಟ್ರಿಪ್ ಹಾಕಿ ಸರಾಸರಿ ಹಿಡಿಯಿರಿ. ಎರಡರ ನಡುವೆ 10% ಮೀರಿದರೆ ಮೂರನೆಯದು. ಮೀಟರ್ ಕೂಡ ದೇವರ ವಾಕ್ಯವಲ್ಲ: ಐಎಸ್‌ಒ 15197:2013 ಮಾನದಂಡದ ಪ್ರಕಾರ 100 ಮತ್ತು ಅದಕ್ಕಿಂತ ಮೇಲೆ 15%, ಕೆಳಗೆ 15 ಮಿ.ಗ್ರಾಂ ಒಳಗೆ 95% ರೀಡಿಂಗ್ ಬಂದರೆ ಪಾಸು.

ಸೆನ್ಸರ್ ಅಂಕಿ ಮೊದಲು ಬರೆದಿಟ್ಟು ಆಮೇಲೆ ಚುಚ್ಚಿ. ಮೀಟರ್ ನೋಡಿದ ಮೇಲೆ ಸೆನ್ಸರ್ ನೋಡಿದರೆ ಹೊಂದುವ ಅಂಕಿ ಬರೋವರೆಗೂ ಕಾಯೋಣ ಅನ್ನಿಸಿಬಿಡುತ್ತದೆ. ಮೀಟರ್ ಗಡಿಯಾರವನ್ನೂ ಮೊಬೈಲ್ ಗಡಿಯಾರಕ್ಕೆ ಹೊಂದಿಸಿಡಿ.

ಅಡ್ಡಬಾಣ:
ಮೇಲಿನದಕ್ಕೆ ಒಂದು ಸೇರಿಕೆ. ಎಲ್ಲರೂ ಎಂಎಆರ್‌ಡಿ ಹಿಂದೆ ಬೀಳುತ್ತಾರೆ: ವ್ಯತ್ಯಾಸವನ್ನು ಮೀಟರ್ ಅಂಕಿಯಿಂದ ಭಾಗಿಸಿ, ಶೇಕಡಾ ಮಾಡಿ, ಎಲ್ಲದರ ಸರಾಸರಿ. ಸೆನ್ಸರ್ 132, ಮೀಟರ್ 120 ಆದರೆ 10%. ಆದರೆ ಒಟ್ಟು ಸರಾಸರಿ 9% ಬಂದ ಸೆನ್ಸರ್ ಕೂಡ ಲೋ ಶುಗರ್‌ನಲ್ಲಿ ಯಾವಾಗಲೂ 18 ಹೆಚ್ಚು ತೋರಿಸುತ್ತಿರಬಹುದು. ಆಗ 70ಕ್ಕೆ ಇಟ್ಟ ಅಲಾರಂ ಹೊಡೆಯುವಾಗ ರಕ್ತದಲ್ಲಿ 52! ಹಾಗಾಗಿ 70ರ ಕೆಳಗೆ, 70–180, 180ರ ಮೇಲೆ ಅಂತ ಮೂರು ಪಟ್ಟಿ ಮಾಡಿ. ಕೆಳಗಿನ ಪಟ್ಟಿಯಲ್ಲಿ ಶೇಕಡಾ ಬಿಟ್ಟು ಮಿ.ಗ್ರಾಂ ವ್ಯತ್ಯಾಸವನ್ನೇ ಬರೆಯಿರಿ, ಹೆಚ್ಚೋ ಕಡಿಮೆಯೋ ಎಂಬ ಚಿಹ್ನೆ ಸಮೇತ. ಪರೀಕ್ಷೆಗಾಗಿ ಯಾರನ್ನೂ ಬೇಕಂತಲೇ ಲೋಗೆ ಇಳಿಸಬೇಡಿ. ತಾನಾಗಿ ಬಂದಾಗ ಚುಚ್ಚಿ, ಒಡನೆ 15 ಗ್ರಾಂ ಗ್ಲೂಕೋಸ್ ಕೊಡಿ.

ರಾತ್ರಿ ಸೆನ್ಸರ್ ಇರುವ ಮಗ್ಗುಲಿಗೆ ಮಲಗಿದಾಗ ಗ್ರಾಫ್ ದಿಢೀರನೆ ಕುಸಿದು, ಮಗ್ಗುಲು ಬದಲಿಸಿದೊಡನೆ ಎದ್ದು ನಿಂತರೆ ಅದು ಒತ್ತಡದ ಸುಳ್ಳು ಲೋ. ಆ ಜೋಡಿಯನ್ನು ಅಳಿಸಬೇಡಿ, ಗುರುತು ಹಾಕಿ.

ಬಿಎಚ್‌ಬಿ:
ಕೀಟೋನ್‌ಗೆ ಶೇಕಡಾ ಲೆಕ್ಕವೇ ಬೇಡ. ಸ್ಟ್ರಿಪ್ ಮೀಟರ್ 0.1ರ ಹೆಜ್ಜೆಯಲ್ಲಿ ತೋರಿಸುವಾಗ 0.2 ಮತ್ತು 0.4 ನಡುವೆ ಎರಡೇ ಹೆಜ್ಜೆ. ಎರಡೂ 0.6ರ ಕೆಳಗೆ, ಅಂದರೆ ಚಿಕಿತ್ಸೆ ಬದಲಾಗೋದಿಲ್ಲ. ನೋಡಬೇಕಾದ್ದು ಹಂತ ದಾಟುತ್ತದೆಯೇ ಅನ್ನೋದನ್ನು: 0.6ರಿಂದ 1.5, 1.5ರಿಂದ 3.0, ಅದಕ್ಕೂ ಮೇಲೆ. ಸೆನ್ಸರ್ 0.5 ಅಂದಾಗ ಸ್ಟ್ರಿಪ್ 1.6 ತೋರಿಸಿದರೆ ಅದು ನಿಜವಾದ ಸೋಲು.

ಮೂತ್ರದ ಸ್ಟ್ರಿಪ್ ಜೊತೆ ತಾಳೆ ನೋಡಲೇಬೇಡಿ. ಅದು ಅಸಿಟೋಅಸಿಟೇಟ್ ಹಿಡಿಯುತ್ತದೆ, ಸೆನ್ಸರ್ ಹಿಡಿಯೋದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್. ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗೋದು) ಇಳಿಯುವಾಗ ರಕ್ತದ್ದು ತಗ್ಗಿದರೂ ಮೂತ್ರದ ಸ್ಟ್ರಿಪ್ ಇನ್ನೂ ಗಾಢ ಬಣ್ಣವೇ ಇರುತ್ತದೆ. ರಕ್ತದ ಕೀಟೋನ್ ಸ್ಟ್ರಿಪ್‌ಗೆ ದೊಡ್ಡ ಹನಿ ಬೇಕು: ಫ್ರೀಸ್ಟೈಲ್ ಆಪ್ಟಿಯಂ ಮೀಟರ್‌ನಲ್ಲಿ ಗ್ಲೂಕೋಸ್‌ಗೆ 0.6 ಮೈಕ್ರೋಲೀಟರ್ ಸಾಕಾದರೆ ಕೀಟೋನ್‌ಗೆ 1.5. ಅರೆಹನಿಗೆ ಎರರ್ ಬಂದು ದುಬಾರಿ ಸ್ಟ್ರಿಪ್ ಹಾಳು.

ಪೆನ್_ನೀಡಲ್:
ಧನ್ಯವಾದ. ವಿಟಮಿನ್ ಸಿ ಮಾತ್ರೆ ತಗೊಂಡರೆ? ವ್ಯತ್ಯಾಸ ಬಂದಾಗ ಕ್ಯಾಲಿಬ್ರೇಟ್ (ಮೀಟರ್ ಅಂಕಿ ಕೊಟ್ಟು ಸೆನ್ಸರ್ ಸರಿಹೊಂದಿಸೋದು) ಮಾಡಬಹುದಾ?

ಸ್ಟ್ರಿಪ್_ಡಬ್ಬಿ:
ಪರೀಕ್ಷೆ ಮುಗಿಯೋವರೆಗೆ ಕ್ಯಾಲಿಬ್ರೇಟ್ ಮಾಡಬೇಡಿ, ಮಾಡಿದರೆ ನಿಮ್ಮ ಮೀಟರನ್ನೇ ಮೀಟರ್ ಜೊತೆ ಹೋಲಿಸಿದಂತಾಗುತ್ತದೆ. ಲಿಬ್ರೆ 2 ಗ್ಲೂಕೋಸ್ ಸೆನ್ಸರ್‌ನಲ್ಲಿ ದಿನಕ್ಕೆ 500 ಮಿ.ಗ್ರಾಂ ಮೀರಿದ ವಿಟಮಿನ್ ಸಿ ರೀಡಿಂಗ್ ಏರಿಸಬಹುದು. ಡೆಕ್ಸ್‌ಕಾಮ್ ಜಿ6 ಸೆನ್ಸರ್‌ನಲ್ಲಿ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಅದೇ ಕೆಲಸ ಮಾಡುತ್ತದೆ. ಮಾತ್ರೆಗಳ ಹೆಸರು, ಹೊತ್ತು ಎರಡಕ್ಕೂ ಒಂದು ಕಾಲಂ ಇರಲಿ.

ಬಿಎಚ್‌ಬಿ:
ಇದೂ ಬರೆದುಕೊಳ್ಳಿ: ಕೀಟೋನ್ ಏರಿಸಿ ನೋಡೋಣ ಅಂತ ಇನ್ಸುಲಿನ್ ತಪ್ಪಿಸೋದು ಖಂಡಿತ ಬೇಡ. ಸೆನ್ಸರ್ 1.5 ದಾಟಿದರೆ ಸ್ಟ್ರಿಪ್‌ನಲ್ಲಿ ಖಚಿತಪಡಿಸಿ ವೈದ್ಯರಿಗೆ ಫೋನ್ ಮಾಡಿ, 3.0 ದಾಟಿದರೆ ಅಥವಾ ವಾಂತಿ ಶುರುವಾದರೆ ನೇರ ಆಸ್ಪತ್ರೆಗೆ. ಎಸ್‌ಜಿಎಲ್‌ಟಿ2 ಗುಂಪಿನ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ) ಮಾತ್ರೆ ತಗೊಳ್ಳುವವರಲ್ಲಿ ಗ್ಲೂಕೋಸ್ 200ರ ಒಳಗಿದ್ದೂ ಕೀಟೋಅಸಿಡೋಸಿಸ್ ಆಗಬಹುದು, ಅಲ್ಲಿ ಗ್ಲೂಕೋಸ್ ಅಲಾರಂ ಬಾಯಿ ಬಿಡೋದೇ ಇಲ್ಲ.