ಮಾನಸಿಕ ಕಾಯಿಲೆಯಿರುವ ತಮ್ಮ ಕೆರಳುವ ಮುನ್ನವೇ ಅದನ್ನು ಗುರುತಿಸುವುದು ಹೇಗೆ? ಕೆರಳಿದಾಗ ಮನೆಯವರು ಹೇಗೆ ನಡೆದುಕೊಳ್ಳಬೇಕು?

ಸಿಂಧನೂರಿನ ಅಕ್ಕ:
ನನ್ನ ತಮ್ಮನಿಗೆ ಮಾನಸಿಕ ಕಾಯಿಲೆಯಿದೆ. ಗುಳಿಗೆ ನುಂಗುತ್ತಿದ್ದಷ್ಟು ಕಾಲ ಗದ್ದೆ ಕೆಲಸಕ್ಕೂ ಹೋಗುತ್ತಿದ್ದ. ಭತ್ತದ ಕೊಯ್ಲಿನ ಗಡಿಬಿಡಿಯಲ್ಲಿ ಗುಳಿಗೆ ಬಿಟ್ಟ. ಈಗ ರಾತ್ರಿಯೆಲ್ಲ ಅಂಗಳದಲ್ಲಿ ತಿರುಗಾಡುತ್ತಾನೆ, ಪಕ್ಕದ ಮನೆಯವರು ತನ್ನ ವಿಷಯವನ್ನೇ ಮಾತನಾಡಿಕೊಳ್ಳುತ್ತಾರೆ ಎನ್ನುತ್ತಾನೆ. ಮೊನ್ನೆ ಊಟದ ತಟ್ಟೆ ಎಸೆದಾಗ ಮಾವ, ಚಿಕ್ಕಪ್ಪ ಎಲ್ಲರೂ ಸುತ್ತುವರಿದು ಬೈದರು. ಅವನು ಇನ್ನಷ್ಟು ಕೆರಳಿದ. ಕೈಕಾಲು ಕಟ್ಟಿ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದೊಯ್ಯೋಣ ಎಂಬ ಮಾತೂ ಮನೆಯಲ್ಲಿ ನಡೆದಿದೆ. ಅಂಥ ಹೊತ್ತಿನಲ್ಲಿ ಏನು ಮಾತನಾಡಬೇಕು, ಯಾವಾಗ ಹೊರಗಿನವರನ್ನು ಕರೆಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಶುಶ್ರೂಷಕಿ, ಬಳ್ಳಾರಿ:
ತಂಗಿ, ಗುಳಿಗೆ ನಿಂತದ್ದು, ನಿದ್ದೆ ಕೆಟ್ಟದ್ದು, ಸಂಶಯ ಹುಟ್ಟಿದ್ದು, ಇವೆಲ್ಲ ತಟ್ಟೆ ಎಸೆಯುವುದಕ್ಕೆ ಮೊದಲೇ ಕಾಣಿಸಿಕೊಂಡ ಮುನ್ಸೂಚನೆಗಳು. ಆದ್ದರಿಂದ ಇನ್ನೊಮ್ಮೆ ಕೆರಳುವವರೆಗೆ ಕಾಯದೆ ಈಗಲೇ ವೈದ್ಯರನ್ನು ಕಾಣಿರಿ. ಆ ಹೊತ್ತು ತೀರ ಹತ್ತಿರವಾದಾಗ ದನಿ ಏರುತ್ತದೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಮುಷ್ಟಿ ಬಿಗಿಯುತ್ತದೆ, ಕೂತಲ್ಲಿ ಕೂರಲಾರರು.

ಆಗ ಒಬ್ಬರೇ ಮಾತನಾಡಬೇಕು, ಅದೂ ಅವನಿಗೆ ಯಾರಲ್ಲಿ ಸಲುಗೆಯಿದೆಯೋ ಅವರೇ. ಉಳಿದವರು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಲಿ, ಟಿವಿ ಆರಿಸಲಿ. ಎರಡು ತೋಳಿನಷ್ಟು ದೂರದಲ್ಲಿ, ತುಸು ಓರೆಯಾಗಿ, ನಿಮ್ಮ ಕೈಗಳು ಅವನಿಗೆ ಕಾಣುವಂತೆ ನಿಲ್ಲಿ. ಬಾಗಿಲಿಗೆ ಮಾತ್ರ ಅಡ್ಡ ನಿಲ್ಲಬೇಡಿ, ಏಕೆಂದರೆ ದಾರಿ ಮುಚ್ಚಿತು ಎನಿಸಿದೊಡನೆ ಅವನ ಹೆದರಿಕೆ ಹೊಡೆದಾಟಕ್ಕೆ ತಿರುಗುತ್ತದೆ. ಯಾರೂ ನಿನ್ನ ವಿಷಯ ಮಾತನಾಡುತ್ತಿಲ್ಲ ಎಂದು ವಾದಿಸಿದರೆ ನೀವೂ ಅವರ ಕಡೆಯವರೇ ಎಂದುಕೊಳ್ಳುತ್ತಾನೆ. ಹೌದು ಎಂದು ತಲೆಯಾಡಿಸಿದರೆ ಸಂಶಯ ಗಟ್ಟಿಯಾಗುತ್ತದೆ. ‘ಹೆದರಿಕೆ ಆಗೈತೇನಪ್ಪಾ, ನಾ ಇಲ್ಲೇ ಅದೀನಿ’ ಎಂದು ಮೆಲುದನಿಯಲ್ಲಿ ಹೇಳಿ ಸುಮ್ಮನಿರಿ. ಆ ಮೌನ ನಿಮಗೆ ಉದ್ದವೆನಿಸಬಹುದು, ಅವನಿಗೆ ಅದು ಬೇಕು. ಬಳಿಕ ಒಳಗೆ ಕೂರುವೆಯೋ ಕಟ್ಟೆಯ ಮೇಲೆ ಕೂರುವೆಯೋ ಎಂಬಂಥ ಸಣ್ಣ ಆಯ್ಕೆಯನ್ನು ಅವನಿಗೇ ಬಿಡಿ.

ಕೀಟನಾಶಕದ ಡಬ್ಬಿ, ಕುಡುಗೋಲುಗಳನ್ನು ಇವತ್ತೇ ಮನೆಯಿಂದ ಬೇರೆಡೆಗೆ ಸಾಗಿಸಿ ಬೀಗ ಹಾಕಿಸಿ. ಶಾಂತನಾಗಿರುವಾಗ, ಸಾಯಬೇಕು ಎನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಆರೋಗ್ಯ ಕೇಂದ್ರದ ವೈದ್ಯ, ಕುಷ್ಟಗಿ:
ಇದನ್ನು ಓದುವ ಇತರರಿಗಾಗಿ ಒಂದು ಮಾತು. ಹಿಂದೆ ಏನೂ ಇರದವರು ಇದ್ದಕ್ಕಿದ್ದಂತೆ ಗೊಂದಲಗೊಂಡು ಕೆರಳಿದರೆ ಮೊದಲು ದೇಹವನ್ನು ಪರೀಕ್ಷಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಿರಬಹುದು, ವಯಸ್ಸಾದವರಲ್ಲಿ ಮೂತ್ರದ ಸೋಂಕಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು. ನಿತ್ಯ ಕುಡಿಯುವವರು ಕುಡಿತ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಕೈ ನಡುಗಿ, ಇಲ್ಲದ್ದು ಕಾಣತೊಡಗಿದರೆ ಅದು ಜೀವಕ್ಕೇ ಅಪಾಯ. ನಮ್ಮ ಕಡೆಯ ಬೇಸಿಗೆಯಲ್ಲಿ ಹೊಲದಿಂದ ಬಂದವರು ಮೈ ಸುಡುತ್ತ ಅಸಂಬದ್ಧವಾಗಿ ಮಾತನಾಡಿದರೆ ಗಾಳಿ ಸೋಕಿದೆ ಎಂದು ಕೂರದೆ, ಮೈಗೆ ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆಮಾಡಿ.

ಸಿಂಧನೂರಿನ ಅಕ್ಕ:
ಇಬ್ಬರಿಗೂ ವಂದನೆಗಳು. ಅವನು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ? ಪೊಲೀಸರು ಠಾಣೆಯಲ್ಲಿ ಕೂಡಿಹಾಕುತ್ತಾರೆಂದು ಅವ್ವ ಅಂಜುತ್ತಾಳೆ.

ವಕೀಲರು, ಕೊಪ್ಪಳ:
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಮನೋರೋಗದಿಂದಾಗಿ ತನಗೋ ಇತರರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ಪೊಲೀಸರು ರಕ್ಷಣೆಗೆ ಪಡೆದರೆ 24 ಗಂಟೆಯೊಳಗೆ ಹತ್ತಿರದ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ನೀಡಬಹುದೆಂದು 94ನೇ ಕಲಮು ಹೇಳುತ್ತದೆ. ಸರಪಳಿ ಹಾಕುವುದನ್ನು 95ನೇ ಕಲಮು ನಿಷೇಧಿಸಿದೆ; ಇದನ್ನು ನಿಮ್ಮ ಮಾವನವರಿಗೂ ಓದಿ ಹೇಳಿ.

ನಿವೃತ್ತ ಶುಶ್ರೂಷಕಿ, ಬಳ್ಳಾರಿ:
ಕೈಯಲ್ಲಿ ಆಯುಧವಿದ್ದರೆ ಅಥವಾ ಹೊಡೆಯತೊಡಗಿದರೆ ನೀವು ಹೊರಬಂದು 112ಕ್ಕೆ ಕರೆಮಾಡಿ, ಇದು ಕಾಯಿಲೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ. ಅವನನ್ನು ಬೋರಲಾಗಿ ಕೆಡವಿ ಬೆನ್ನ ಮೇಲೆ ಕೂರಲು ಯಾರನ್ನೂ ಬಿಡಬೇಡಿ, ಉಸಿರು ನಿಂತೀತು. ಅಷ್ಟು ಕೆಡುವ ಮೊದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿದರೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಧಾರವಾಡದ ಇಲ್ಲವೇ ಬೆಂಗಳೂರಿನ ದೊಡ್ಡ ಮಾನಸಿಕ ಆಸ್ಪತ್ರೆಗೆ ಹೋದರಷ್ಟೇ ಗುಣ ಎಂಬ ಮಾತಿಗೆ ಕಿವಿಗೊಡಬೇಡಿ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಪ್ರಯೋಗವೇ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲೆಂದು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹುಲಿಗೆಮ್ಮನ ದರ್ಶನಕ್ಕೆ ಅವನು ಗುಳಿಗೆ ನುಂಗಿ, ನಿದ್ದೆ ಸರಿಹೋದ ಮೇಲೆ, ತಾನೇ ನಡೆದು ಬರಲಿ. ನಾಳೆ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಯನ್ನೂ ಗುಳಿಗೆಯ ಖಾಲಿ ಹಾಳೆಯನ್ನೂ ಮರೆಯದೆ ಒಯ್ಯಿರಿ; ಅವನು ಬರಲೊಪ್ಪದಿದ್ದರೆ ನೀವೊಬ್ಬರೇ ಹೋಗಿ ವೈದ್ಯರಿಗೆ ಎಲ್ಲವನ್ನೂ ಹೇಳಿ.