ಬಿಸಿಎ ಮಕ್ಕಳಿಗೆ ಲಾಜಿಕ್ ನಿಜವಾಗಿ ಅರ್ಥ ಆಗಿದೆಯಾ ಅಂತ ಟೆಸ್ಟ್ ಮಾಡೋದು ಹೇಗೆ?

ತೊಗರಿನಾಡು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಮೊದಲ ವರ್ಷಕ್ಕೆ ಡಿಸ್ಕ್ರೀಟ್ ಮ್ಯಾಥ್ಸ್ ಹೇಳಿಕೊಡುತ್ತೇನೆ. ಲಾಜಿಕ್ ಯೂನಿಟ್ ಮುಗಿದಿದೆ, ಮುಂದಿನ ವಾರ ಟೆಸ್ಟ್ ಇಡಬೇಕು. ಇದು ಇಂಟರ್ನಲ್ ಟೆಸ್ಟ್, ಆದ್ದರಿಂದ ಪ್ರಶ್ನೆ ಹೇಗೆ ಬೇಕಾದರೂ ಹಾಕಬಹುದು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಳೇ ಪೇಪರುಗಳನ್ನೆಲ್ಲ ತೆಗೆದು ನೋಡಿದೆ. ಬರೋದು ಅದೇ ಮೂರು ನಾಲ್ಕು ತರಹದ ಪ್ರಶ್ನೆ. ಟ್ರೂತ್ ಟೇಬಲ್ (ಯಾವಾಗ ನಿಜ, ಯಾವಾಗ ಸುಳ್ಳು ಅನ್ನೋ ಪಟ್ಟಿ) ಬರೆಯಿರಿ, ಟಾಟಾಲಜಿ (ಯಾವಾಗಲೂ ನಿಜ ಆಗುವ ಹೇಳಿಕೆ) ಹೌದೋ ಅಲ್ಲವೋ ತೋರಿಸಿ, ಕಾನ್‌ವರ್ಸ್ ಮತ್ತು ಕಾಂಟ್ರಾಪಾಸಿಟಿವ್ ಬರೆಯಿರಿ ("ಪಿ ಆದರೆ ಕ್ಯೂ" ಅನ್ನೋದರ ಕಾನ್‌ವರ್ಸ್ "ಕ್ಯೂ ಆದರೆ ಪಿ", ಕಾಂಟ್ರಾಪಾಸಿಟಿವ್ "ಕ್ಯೂ ಅಲ್ಲದಿದ್ದರೆ ಪಿ ಅಲ್ಲ"). ಮಕ್ಕಳು ಟಿ (ನಿಜ), ಎಫ್ (ಸುಳ್ಳು) ತುಂಬಿ ಪೂರ್ತಿ ಮಾರ್ಕ್ಸ್ ತಗೊಳ್ಳುತ್ತಾರೆ. ಆದರೆ ಅದೇ ವಿಷಯವನ್ನು ಮಾತಿನಲ್ಲಿ ಕೇಳಿದರೆ ಎಲ್ಲ ಕೈಕೊಡುತ್ತದೆ.

ಮೊನ್ನೆ ಕ್ಲಾಸಿನಲ್ಲಿ ಹೇಳಿದೆ, "ಹಾಜರಿ 75% ಇದ್ದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ. ಹಾಗಾದರೆ 75% ಇದ್ದವರನ್ನೆಲ್ಲ ಕೂರಿಸಲೇಬೇಕಾ?" ಇಡೀ ಕ್ಲಾಸು ಹೌದು ಅಂತು. ಫೀಸ್ ಕಟ್ಟದವರು, ಅರ್ಜಿ ತುಂಬದವರು? ಆಗ ಎಲ್ಲರೂ ಗಪ್‌ಚಿಪ್. ಮುಂದಿನ ಬೆಂಚಿನ ಒಬ್ಬ ಹುಡುಗಿ ಟೇಬಲ್ ಯಾವತ್ತೂ ತಪ್ಪು ಬರೆಯೋದಿಲ್ಲ. "ಪಿ ಆದರೆ ಕ್ಯೂ" ಅನ್ನೋದರಲ್ಲಿ ಪಿ ಸುಳ್ಳು, ಕ್ಯೂ ನಿಜ ಇದ್ದಾಗ ಉತ್ತರ ಟಿ ಯಾಕೆ ಬಂತಮ್ಮಾ ಅಂತ ಕೇಳಿದರೆ, "ಟೇಬಲ್‌ನ್ಯಾಗ ಹಂಗೇ ಇರ್ತದಲ್ರೀ ಸರ್" ಅಂದಳು. ಅವಳ ತಪ್ಪಲ್ಲ. ನಾವು ಇಷ್ಟು ವರ್ಷ ಕೇಳಿದ್ದೇ ಅಷ್ಟು.

ಇನ್ನೊಂದು ಮಾತು. ಎನ್‌ಸಿಇಆರ್‌ಟಿ 11ನೇ ತರಗತಿ ಗಣಿತದಲ್ಲಿ 14ನೇ ಪಾಠವಾಗಿ ಮ್ಯಾಥಮೆಟಿಕಲ್ ರೀಸನಿಂಗ್ ಇತ್ತು, ಪಠ್ಯ ಕಡಿತದಲ್ಲಿ ಅದು ಹೋಯಿತು. ಹಾಗಾಗಿ ಪಿಯುಸಿ ಮುಗಿಸಿ ಬರುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಇದು ಮೊದಲ ಪರಿಚಯ. ಕಾಮರ್ಸ್, ಆರ್ಟ್ಸ್‌ನಿಂದ ಬಂದವರೂ ಇದ್ದಾರೆ. ಕನ್ನಡ ಮಾಧ್ಯಮದವರು ಅರ್ಧಕ್ಕಿಂತ ಜಾಸ್ತಿ. ಬಾಯಿಪಾಠಕ್ಕೆ ಸಿಗದ, ಆದರೆ ಬುನಾದಿ ಗಟ್ಟಿ ಇದ್ದವರಿಗೆ ಸಿಗುವ ಪ್ರಶ್ನೆ ಯಾವುದು? ನೀವು ಏನು ಕೇಳುತ್ತೀರಿ?

ಬೀದರ್ ಮಾಸ್ತರ್

ಸರ್, ನಾಲ್ಕು ಕಾರ್ಡಿನ ಪ್ರಶ್ನೆ ಕೇಳಿ. ಇಂಗ್ಲೆಂಡಿನ ಪೀಟರ್ ವೇಸನ್ ಅನ್ನೋ ಮನಶ್ಶಾಸ್ತ್ರಜ್ಞ 1966ರಲ್ಲಿ ಇದನ್ನು ಬರೆದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ಒಂದೇ ಪ್ರಶ್ನೆ ನನಗೆ ಸಿಕ್ಕಿಲ್ಲ. ನಾನು ಕನ್ನಡದಲ್ಲಿ ಹೀಗೆ ಕೇಳುತ್ತೇನೆ. ಮೇಜಿನ ಮೇಲೆ ನಾಲ್ಕು ಕಾರ್ಡು. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ನಮಗೆ ಕಾಣುತ್ತಿರೋದು ಅ, ಕ, 4, 7. ನಿಯಮ ಏನಂದರೆ, ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ. ಈ ನಿಯಮ ನಿಜವೋ ಸುಳ್ಳೋ ತಿಳಿಯೋಕೆ ಯಾವ ಯಾವ ಕಾರ್ಡು ತಿರುಗಿಸಲೇಬೇಕು?

ಹೆಚ್ಚಿನವರು "ಅ ಮತ್ತು 4" ಅನ್ನುತ್ತಾರೆ, ಇಲ್ಲವೇ ಬರೀ "ಅ" ಅನ್ನುತ್ತಾರೆ. ಸರಿ ಉತ್ತರ ಅ ಮತ್ತು 7. 4ರ ಹಿಂದೆ ಕ ಇದ್ದರೂ ನಿಯಮ ಮುರಿಯೋದಿಲ್ಲ, ಯಾಕಂದರೆ ವ್ಯಂಜನದ ಬಗ್ಗೆ ನಿಯಮ ಏನೂ ಹೇಳಿಲ್ಲ. 7ರ ಹಿಂದೆ ಸ್ವರ ಸಿಕ್ಕರೆ ಮುರಿಯಿತು. ಈ ಒಂದು ಪ್ರಶ್ನೆಯಲ್ಲಿ ಕಾನ್‌ವರ್ಸ್ ಗೊಂದಲವೂ ಬಯಲಾಗುತ್ತದೆ, ಕಾಂಟ್ರಾಪಾಸಿಟಿವ್ ಗೊತ್ತಿದೆಯಾ ಅನ್ನೋದೂ ತಿಳಿಯುತ್ತದೆ. ಓದಿದ ದೊಡ್ಡವರಲ್ಲೂ ಹತ್ತಕ್ಕೆ ಒಬ್ಬರು ಸರಿ ಹೇಳಿದರೆ ಹೆಚ್ಚು, ಆದ್ದರಿಂದ ಮಕ್ಕಳು ತಪ್ಪಿದರೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ಇದನ್ನೇ ಬಸ್ಸಿಗೆ ಹತ್ತಿಸಿ ನೋಡಿ. ಜೂನ್ 2023ರಿಂದ ಶಕ್ತಿ ಯೋಜನೆ ಇದೆ, ಶೂನ್ಯ ಟಿಕೆಟ್ ಎಲ್ಲರಿಗೂ ಗೊತ್ತು. ಹುಮನಾಬಾದ್ ಬಸ್ಸಿನಲ್ಲಿ ಚೆಕಿಂಗ್‌ನವರು ಹತ್ತಿದರು ಅಂತ ಇಟ್ಟುಕೊಳ್ಳಿ. ನಿಯಮ: ಶೂನ್ಯ ಟಿಕೆಟ್ ತಗೊಂಡಿದ್ದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ನಾಲ್ಕು ಜನ ಹೆಣ್ಣುಮಕ್ಕಳು ಕೂತಿದ್ದಾರೆ. ಒಬ್ಬರ ಕೈಯಲ್ಲಿ ಶೂನ್ಯ ಟಿಕೆಟ್ ಕಾಣುತ್ತಿದೆ. ಇನ್ನೊಬ್ಬರ ಕೈಯಲ್ಲಿ ದುಡ್ಡು ಕೊಟ್ಟು ತಗೊಂಡ ಟಿಕೆಟ್. ಮೂರನೆಯವರು ಬೀದರ್ ವಿಳಾಸದ ಆಧಾರ್ ಹಿಡಿದಿದ್ದಾರೆ. ನಾಲ್ಕನೆಯವರ ಆಧಾರ್‌ನಲ್ಲಿ ತೆಲಂಗಾಣದ ಜಹೀರಾಬಾದ್ ವಿಳಾಸ. ಯಾರನ್ನು ಇನ್ನಷ್ಟು ವಿಚಾರಿಸಬೇಕು?

ಇದಕ್ಕೆ ನಮ್ಮ ಮಕ್ಕಳು ತಡ ಮಾಡದೆ ಒಂದನೆಯವರು, ನಾಲ್ಕನೆಯವರು ಅನ್ನುತ್ತಾರೆ. ಎರಡೂ ಪ್ರಶ್ನೆಯ ಒಳಗಿನ ರೂಪ ಒಂದೇ. 1982ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಅನ್ನೋರು ಬಿಯರ್ ಕುಡಿಯುವವರ ವಯಸ್ಸಿನ ನಿಯಮ ಹಾಕಿ ಹೀಗೇ ಕೇಳಿದಾಗ ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಸರಿ ಹೇಳಿದ್ದರು. ನಿಮ್ಮ ಟೆಸ್ಟ್‌ನಲ್ಲಿ ಎರಡನ್ನೂ ಇಡಿ. ಮೊದಲು ಕಾರ್ಡು, ಆಮೇಲೆ ಬಸ್ಸು.

ಮಾರ್ಕ್ಸ್ ವಿಚಾರದಲ್ಲಿ ಒಂದು ಮಾತು. ಸರಿ ಅಥವಾ ತಪ್ಪು ಅನ್ನೋ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಬರೆದರೂ ಅರ್ಧ ಸರಿಯಾಗುತ್ತದೆ. ಇಲ್ಲಿ ನಾಲ್ಕು ಕಾರ್ಡಿನಲ್ಲಿ ಯಾವುದನ್ನು ಬೇಕಾದರೂ ಆರಿಸಬಹುದು, ಅಂದರೆ 16 ತರಹದ ಉತ್ತರ ಸಾಧ್ಯ. ಅಂದಾಜಿಗೆ ಹೊಡೆದವರು ಸಿಕ್ಕಿಬೀಳುತ್ತಾರೆ.

ಭೀಮಾತೀರ, ಯಾದಗಿರಿ

ಕಾರ್ಡಿನ ಪ್ರಶ್ನೆ ಸರಿ. ಬಸ್ಸಿನ ಪ್ರಶ್ನೆಗೆ ನನ್ನ ತಕರಾರಿದೆ ಮಾಸ್ತರ್. ಅಲ್ಲಿ ಮಕ್ಕಳು ಲಾಜಿಕ್ ಬಳಸಿದರು ಅಂತ ಹೇಗೆ ಹೇಳುತ್ತೀರಿ? ಯಾರು ಮೋಸ ಮಾಡುತ್ತಿದ್ದಾರೆ ಅಂತ ಹುಡುಕಿದರು ಅಷ್ಟೇ. ಲೀಡಾ ಕಾಸ್ಮಿಡೆಸ್ ಅನ್ನೋ ಸಂಶೋಧಕಿ 1989ರಲ್ಲಿ ಇದೇ ವಾದ ಮಾಡಿದರು. ಮನುಷ್ಯರ ಬುದ್ಧಿ ಮೋಸಗಾರರನ್ನು ಹಿಡಿಯೋದರಲ್ಲಿ ಚುರುಕು, ನಿಯಮದ ಆಕಾರ ನೋಡೋದರಲ್ಲಿ ಅಲ್ಲ ಅಂತ. ಎಲ್ಲರೂ ಒಪ್ಪಿಲ್ಲ, ಆದರೆ ಟೆಸ್ಟ್ ಮಾಡುವ ಮೇಷ್ಟ್ರು ಇದನ್ನು ಮರೆಯಬಾರದು. ಬಸ್ಸು ಪಾಠ ಮಾಡೋಕೆ ಒಳ್ಳೆಯದು. ಪರೀಕ್ಷೆಗೆ ಅದೊಂದೇ ಸಾಲದು.

ಲಾಜಿಕ್ ಬಂದಿದೆ ಅಂತ ನಾನು ಒಪ್ಪೋದು ಯಾವಾಗ ಅಂದರೆ, ತೀರ್ಮಾನ ನಿಜ ಅಂತ ಗೊತ್ತಿದ್ದರೂ "ಈ ವಾದ ನಿಲ್ಲೋದಿಲ್ಲ" ಅಂತ ಹುಡುಗ ಹೇಳಿದಾಗ. ನಾನು ಹತ್ತನೇ ತರಗತಿ ಮಕ್ಕಳಿಗೂ ಇದನ್ನು ಕೇಳುತ್ತೇನೆ: ಕಲಬುರಗಿ ಕರ್ನಾಟಕದಲ್ಲಿದ್ದರೆ ಅದು ಭಾರತದಲ್ಲಿದೆ. ಕಲಬುರಗಿ ಭಾರತದಲ್ಲಿದೆ. ಆದ್ದರಿಂದ ಕಲಬುರಗಿ ಕರ್ನಾಟಕದಲ್ಲಿದೆ. ಮೂರು ಸಾಲೂ ನಿಜ. ವಾದ ಸರಿಯಾ? ಎಲ್ಲರೂ ಸರಿ ಅಂತ ಟಿಕ್ ಹಾಕುತ್ತಾರೆ. ಈಗ ಕಲಬುರಗಿ ಅಳಿಸಿ ಸೋಲಾಪುರ ಬರೆಯಿರಿ. ಸೋಲಾಪುರ ಕರ್ನಾಟಕದಲ್ಲಿದ್ದರೆ ಭಾರತದಲ್ಲಿದೆ, ಸೋಲಾಪುರ ಭಾರತದಲ್ಲಿದೆ, ಆದ್ದರಿಂದ ಕರ್ನಾಟಕದಲ್ಲಿದೆ. ಆಕಾರ ಅದೇ, ಆದರೆ ಮೊದಲೆರಡು ಸಾಲು ನಿಜ, ತೀರ್ಮಾನ ಸುಳ್ಳು. ಈ ಆಕಾರವನ್ನು ನಂಬೋ ಹಾಗಿಲ್ಲ ಅಂತ ಆಗ ಹುಡುಗರ ಮುಖದಲ್ಲಿ ಕಾಣುತ್ತದೆ ನೋಡಿ, ಆ ಒಂದು ಕ್ಷಣಕ್ಕೆ ಪಾಠ ಮಾಡಬೇಕು ಅನ್ನಿಸುತ್ತದೆ.

ಇದಕ್ಕೆ ಜೋಡಿಯಾಗಿ ಉಲ್ಟಾ ಇರೋದೂ ಕೇಳಿ. ಭೀಮಾ ದಂಡೆಯ ಊರುಗಳೆಲ್ಲ ಮಹಾರಾಷ್ಟ್ರದಲ್ಲಿವೆ. ಗಾಣಗಾಪುರ ಭೀಮಾ ದಂಡೆಯಲ್ಲಿದೆ. ಆದ್ದರಿಂದ ಗಾಣಗಾಪುರ ಮಹಾರಾಷ್ಟ್ರದಲ್ಲಿದೆ. ಅಫಜಲಪುರ ತಾಲೂಕಿನ ಹುಡುಗರು ಕೂಡಲೇ "ತಪ್ಪು ಸರ್" ಅಂತ ಏಳುತ್ತಾರೆ. ತೀರ್ಮಾನ ತಪ್ಪು, ಮೊದಲ ಸಾಲೂ ತಪ್ಪು, ಆದರೆ ವಾದದ ಆಕಾರ ಸರಿ. ಮೊದಲೆರಡು ಸಾಲು ನಿಜ ಆಗಿದ್ದರೆ ಮೂರನೆಯದು ನಿಜ ಆಗಲೇಬೇಕಿತ್ತು. ನಿಜ ಬೇರೆ, ಸರಿಯಾದ ವಾದ ಬೇರೆ. ಈ ಎರಡನ್ನು ಬೇರೆ ಮಾಡಿ ನೋಡಲು ಬಂದವರಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ, ಟೇಬಲ್ ಕೈಬರಹ ಹೇಗಿದ್ದರೂ ಸರಿ.

ಬೀದರ್ ಮಾಸ್ತರ್

ತಕರಾರು ಒಪ್ಪುತ್ತೇನೆ. ಸೋಲಾಪುರದ ಉದಾಹರಣೆ ನಾಳೆಯೇ ಬಳಸುತ್ತೇನೆ. ಆದರೂ ಬಸ್ಸನ್ನು ಪೇಪರಿನಿಂದ ಇಳಿಸಬೇಡಿ. ಕಾರ್ಡಿನಲ್ಲಿ ತಪ್ಪಿ ಬಸ್ಸಿನಲ್ಲಿ ಸರಿ ಬರೆದವರಿಗೆ "ಎರಡೂ ಪ್ರಶ್ನೆಯಲ್ಲಿ 7 ಯಾರು, ಜಹೀರಾಬಾದಿನವರು ಯಾರು, ಹೊಂದಿಸಿ ಬರೆಯಿರಿ" ಅಂತ ಮೂರನೇ ಪ್ರಶ್ನೆ ಇಡಿ. ಆಗ ರೂಪ ಕಂಡಿತೋ ಇಲ್ಲವೋ ಗೊತ್ತಾಗುತ್ತದೆ.

ಮತ್ತೆ, ಯಾವ ಪ್ರಶ್ನೆಗೂ ಬರೀ "ಸರಿಯಲ್ಲ" ಅಂತ ಬರೆದರೆ ಮಾರ್ಕ್ಸ್ ಕೊಡಬೇಡಿ. ಯಾಕೆ ಸರಿಯಲ್ಲ ಅಂತ ಒಂದು ಎದುರು ಉದಾಹರಣೆ ಬೇಕು. ನಮ್ಮ ಕಡೆಯದೇ ಹೇಳುವುದಾದರೆ: ಬಿದ್ರಿ ಸಾಮಾನಿಗೆಲ್ಲ ಕಪ್ಪು ಮೈ ಇರುತ್ತದೆ. ಈ ಸಾಮಾನಿಗೆ ಕಪ್ಪು ಮೈ ಇದೆ. ಆದ್ದರಿಂದ ಇದು ಬಿದ್ರಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ ಅಂತ ಮಕ್ಕಳಿಗೆ ಗೊತ್ತಿರುತ್ತದೆ, ಅದನ್ನೆಲ್ಲ ಅರ್ಧ ಪುಟ ಬರೆಯುತ್ತಾರೆ. ಅದು ಬೇಡ. "ಮನೆಯ ರೊಟ್ಟಿ ಹಂಚೂ ಕಪ್ಪಗಿದೆ, ಅದು ಬಿದ್ರಿ ಅಲ್ಲ" ಅಂತ ಒಂದು ಸಾಲು ಬರೆದರೆ ಸಾಕು. ಎದುರು ಉದಾಹರಣೆ ತಾನೇ ಹುಡುಕಿದವರು ಬಾಯಿಪಾಠ ಮಾಡಿದವರಲ್ಲ.

ಕೋಡ್ ಬರೆಯೋಳು, ಮೂಲ ಹುಮನಾಬಾದ್

ನಾನು ಬಿಸಿಎ ಓದಿ ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸರ್, ದಯವಿಟ್ಟು ನಿಷೇಧದ ಪ್ರಶ್ನೆ, ಅಂದರೆ ಒಂದು ಮಾತು ಸುಳ್ಳು ಅನ್ನೋದನ್ನು ವಾಕ್ಯದಲ್ಲಿ ಬರೆಯೋ ಪ್ರಶ್ನೆ, ಒಂದಾದರೂ ಇಡಿ. ಹೊಸದಾಗಿ ಸೇರಿದವರ ಕೋಡ್ ನೋಡುವುದು ನನ್ನ ಕೆಲಸ, ಅಲ್ಲಿ ಕಾಣೋ ತಪ್ಪುಗಳಲ್ಲಿ ಇದು ಪದೇ ಪದೇ ಬರುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. "371(ಜೆ) ಪ್ರಮಾಣಪತ್ರ ಇರಬೇಕು ಮತ್ತು ಫೀಸ್ ಕಟ್ಟಿರಬೇಕು, ಇಲ್ಲದಿದ್ದರೆ ಅರ್ಜಿ ವಾಪಸ್" ಅಂತ ಷರತ್ತು. ವಾಪಸ್ ಕಳಿಸೋ ಸಾಲನ್ನು "ಪ್ರಮಾಣಪತ್ರ ಇಲ್ಲ ಮತ್ತು ಫೀಸ್ ಕಟ್ಟಿಲ್ಲ" ಅಂತ ಬರೆಯುತ್ತಾರೆ. ಆಗ ಪ್ರಮಾಣಪತ್ರ ಇದ್ದು ಫೀಸ್ ಕಟ್ಟದವರ ಅರ್ಜಿ ಸುಮ್ನೆ ಒಳಗೆ ಹೋಗಿಬಿಡುತ್ತದೆ. ಅಲ್ಲಿ "ಅಥವಾ" ಬರಬೇಕು. ಇದು ಡಿ ಮಾರ್ಗನ್ ನಿಯಮ. ಸೂತ್ರವಾಗಿ ಎಲ್ಲರಿಗೂ ಬರುತ್ತದೆ, ಷರತ್ತು ಮುಂದಿಟ್ಟರೆ ಬರೋದಿಲ್ಲ. ಅಂದಹಾಗೆ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಮದುರೆಯಲ್ಲಿ. ಇದನ್ನು ಹೇಳಿದರೆ ಮಕ್ಕಳು ಆ ಹೆಸರು ಮರೆಯೋದಿಲ್ಲ.

ನಿಮ್ಮ ಮುಂದಿನ ಬೆಂಚಿನ ಹುಡುಗಿಗೆ ಹೀಗೆ ಹೇಳಿ ನೋಡಿ. ನೀವು "ನಾಳೆ ಬಿಸಿಲು 45 ಡಿಗ್ರಿ ದಾಟಿದರೆ ಮಧ್ಯಾಹ್ನದ ಕ್ಲಾಸ್ ಇರೋದಿಲ್ಲ" ಅಂತ ಮಾತು ಕೊಟ್ಟಿರಿ. ಬಿಸಿಲು 41ಕ್ಕೆ ನಿಂತಿತು. ಕ್ಲಾಸ್ ನಡೆಸಿದರೆ ಮಾತು ತಪ್ಪಿದಿರಾ? ಇಲ್ಲ. ಕ್ಲಾಸ್ ಬಿಟ್ಟರೆ ತಪ್ಪಿದಿರಾ? ಆಗಲೂ ಇಲ್ಲ. 46 ಆದ ಮೇಲೂ ಕ್ಲಾಸ್ ನಡೆಸಿದರೆ ಮಾತ್ರ ತಪ್ಪಿದಿರಿ. ಟೇಬಲ್‌ನಲ್ಲಿ ಎಫ್ ಒಂದೇ ಸಾಲಿನಲ್ಲಿ ಯಾಕೆ ಅನ್ನೋದು ಅಲ್ಲೇ ಇದೆ. ಇದನ್ನೇ ಪ್ರಶ್ನೆ ಮಾಡಬಹುದು: "ಮಾತು ಮುರಿದ ದಿನ ಯಾವುದು?" ಅಂತ ನಾಲ್ಕು ದಿನದ ಬಿಸಿಲು, ಕ್ಲಾಸ್ ವಿವರ ಕೊಟ್ಟು ಕೇಳಿ.

ತೊಗರಿನಾಡು, ಕಲಬುರಗಿ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಈಗ ಪೇಪರ್ ಹೀಗೆ ಮಾಡಿದ್ದೇನೆ. ಮೊದಲು ನಾಲ್ಕು ಕಾರ್ಡು, ಆಮೇಲೆ ಬಸ್ಸು, ಎರಡನ್ನೂ ಹೊಂದಿಸುವ ಪ್ರಶ್ನೆ. ನಂತರ ಕಲಬುರಗಿ, ಗಾಣಗಾಪುರ, ಬಿದ್ರಿ ವಾದಗಳು, ತಪ್ಪಾದ ವಾದಕ್ಕೆ ಎದುರು ಉದಾಹರಣೆ ಕಡ್ಡಾಯ. ಬಿಸಿಲಿನ ಪ್ರಶ್ನೆ. 75% ಹಾಜರಿಯ ಪ್ರಶ್ನೆ. ಟ್ರೂತ್ ಟೇಬಲ್ ಒಂದೇ ಒಂದು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರಶ್ನೆ ಅಚ್ಚು ಹಾಕಿಸುತ್ತೇನೆ.

ಕೊನೆಗೆ ನಿಷೇಧ ಬರೆಯೋಕೆ ಎರಡು ವಾಕ್ಯ ಇಟ್ಟಿದ್ದೇನೆ, ನೋಡಿ ಹೇಳಿ. ಒಂದು, "ಈ ಕ್ಲಾಸಿನ ಎಲ್ಲರೂ ಪಾಸಾಗಿಲ್ಲ." ಎರಡು, "ಅವನು ಕನ್ನಡ ಅಥವಾ ಉರ್ದು ತಗೊಂಡಿದ್ದಾನೆ."

ಭೀಮಾತೀರ, ಯಾದಗಿರಿ

ಪೇಪರ್ ಚೆನ್ನಾಗಿದೆ ಸರ್. ಆ ಕೊನೆಯ ಎರಡನ್ನು ಮಾತ್ರ ಹಾಗೇ ಬಿಡಬೇಡಿ. ಮೊದಲನೆಯದನ್ನು ಎರಡು ತರಹ ಓದಬಹುದು. ಒಬ್ಬರೂ ಪಾಸಾಗಿಲ್ಲ ಅಂತಲೂ ಆಗುತ್ತದೆ, ಕೆಲವರು ಪಾಸಾಗಿಲ್ಲ ಅಂತಲೂ ಆಗುತ್ತದೆ. ಒಂದು ಓದಿಗೆ ನಿಷೇಧ "ಒಬ್ಬರಾದರೂ ಪಾಸಾಗಿದ್ದಾರೆ", ಇನ್ನೊಂದಕ್ಕೆ "ಎಲ್ಲರೂ ಪಾಸಾಗಿದ್ದಾರೆ". ಎರಡರಲ್ಲಿ ಯಾವುದನ್ನು ಬರೆದವರೂ ಜಗಳಕ್ಕೆ ಬರುತ್ತಾರೆ, ಅವರು ಬರೋದೂ ನ್ಯಾಯ. ಅದರ ಬದಲು "ಈ ಕ್ಲಾಸಿನ ಪ್ರತಿಯೊಬ್ಬರೂ ಪಾಸಾಗಿದ್ದಾರೆ" ಅಂತ ಕೊಡಿ. ಸರಿ ಉತ್ತರ "ಪಾಸಾಗದವರು ಕನಿಷ್ಠ ಒಬ್ಬರಿದ್ದಾರೆ" ಅನ್ನೋದು. "ಯಾರೂ ಪಾಸಾಗಿಲ್ಲ" ಅಂತ ಬರೆದವರು ಎಲ್ಲಿ ಎಡವಿದ್ದಾರೆ ಅಂತ ನಿಮಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಎರಡನೆಯದರಲ್ಲಿ ಮನೆಮಾತಿನ "ಅಥವಾ" ಅಂದರೆ ಎರಡರಲ್ಲಿ ಒಂದೇ ಅಂತ ಮಕ್ಕಳು ಓದುತ್ತಾರೆ. ಕಾಲೇಜಿನಲ್ಲಿ ಭಾಷೆ ಆರಿಸೋದು ಹಾಗೇ ಅಲ್ವಾ. ಲಾಜಿಕ್‌ನಲ್ಲಿ ಎರಡೂ ಇದ್ದರೂ ನಿಜ. ಪ್ರಶ್ನೆಯಲ್ಲೇ "ಎರಡೂ ಇರಬಹುದು" ಅಂತ ಸೇರಿಸಿ, ಇಲ್ಲವೇ ವಾಕ್ಯವನ್ನೇ ಬದಲಿಸಿ: "ಅವಳಿಗೆ ಕನ್ನಡ ಅಥವಾ ಉರ್ದು ಓದಲು ಬರುತ್ತದೆ." ನಮ್ಮ ಕಡೆ ಎರಡೂ ಓದುವವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಯಾರೂ ತಪ್ಪು ತಿಳಿಯೋದಿಲ್ಲ. ನಿಷೇಧ "ಅವಳಿಗೆ ಕನ್ನಡವೂ ಓದಲು ಬರುವುದಿಲ್ಲ, ಉರ್ದುವೂ ಓದಲು ಬರುವುದಿಲ್ಲ." ಟೆಸ್ಟ್ ಆದ ಮೇಲೆ ಕಾರ್ಡಿನಲ್ಲಿ ಎಷ್ಟು ಜನ 7 ತಿರುಗಿಸಿದರು ಅಂತ ಇಲ್ಲೇ ಬರೆಯಿರಿ, ನಮಗೂ ಬೇಕು.