ಪದಚರ್ಚೆ: "ಪೋಚಿಂಗ್"ಗೆ ಬೋರ್ಡಿನಲ್ಲಿ ಏನು ಬರೆಯೋಣ? (ಅರ್ಜೆಂಟ್)

ಕಾಡಂಚಿನವ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡಿನ ಕೆಲಸ ನನ್ನ ತಲೆಗೆ ಬಿದ್ದಿದೆ. ಎಚ್.ಡಿ. ಕೋಟೆ ಕಡೆ, ನಾಗರಹೊಳೆ ಕಾಡಿನ ಅಂಚಿನ ಊರು. ಹಾಲಿನ ಡೇರಿ ಎದುರು ನಿಲ್ಲಿಸುತ್ತಾರಂತೆ. ಇಂಗ್ಲಿಷ್ ಒಕ್ಕಣೆಯಲ್ಲಿ ಪೋಚಿಂಗ್ (ಕದ್ದು ಬೇಟೆಯಾಡುವುದು), ಸ್ನೇರಿಂಗ್ (ಕುಣಿಕೆ ಒಡ್ಡಿ ಹಿಡಿಯುವುದು), ಇಲ್ಲೀಗಲ್ ವೈಲ್ಡ್‌ಲೈಫ್ ಟ್ರೇಡ್ (ಕಾಡುಪ್ರಾಣಿಗಳ ಅಕ್ರಮ ವ್ಯಾಪಾರ) ಅಂತ ಮೂರು ಮಾತಿವೆ. ಹಳೇ ಬೋರ್ಡಿನಲ್ಲಿ "ವನ್ಯಜೀವಿಗಳ ಅಕ್ರಮ ಬೇಟೆ ಹಾಗೂ ವನ್ಯಜೀವಿ ಉತ್ಪನ್ನಗಳ ಕಾನೂನುಬಾಹಿರ ವಹಿವಾಟನ್ನು ನಿಷೇಧಿಸಲಾಗಿರುತ್ತದೆ" ಎಂದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾನಿನ ಹಾಲು ಒಡೆಯುತ್ತದೆ.

ಮೊದಲನೆಯದಕ್ಕೆ ಕಳ್ಳಬೇಟೆ ಸಾಕಲ್ವಾ? ಎರಡನೆಯದಕ್ಕೆ ಉರುಳೋ, ಕುಣಿಕೆಯೋ, ಕಣ್ಣಿಯೋ? ಮೂರನೆಯದು ಕಳ್ಳಸಾಗಣೆಯೋ, ಬೇರೆ ಏನಾದರೂ ಇದೆಯೋ? ಪೇಂಟರ್ ನಾಳೆ ಸಂಜೆ ಬರುತ್ತಾರೆ. ನಾಲ್ಕು ಸಾಲಿಗೆ ಜಾಗ ಇದೆ, ಅಷ್ಟೇ.

ಮಾಸ್ತರು ಬರೆದದ್ದು:

ಕಳ್ಳಬೇಟೆ. ಇದರಲ್ಲಿ ಚರ್ಚೆ ಏನಿದೆ? ಕಳ್ಳನೋಟು, ಕಳ್ಳಬಟ್ಟಿ, ಕಳ್ಳದಾರಿ ಇದ್ದ ಹಾಗೆ. "ಅಕ್ರಮ ಬೇಟೆ" ಕಚೇರಿ ಕನ್ನಡ, ಬಿಡಿ. "ಕಳ್ಳವ್ಯಾಪಾರ" ಅಂತ ಮಾತ್ರ ಬರೆಯಬೇಡಿ, ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ಹಾಗೆ. ಕಳ್ಳಮಾರಾಟ ಅನ್ನಿ.

ಅಂದಹಾಗೆ, ಬೇಟೆಗೆ ಮೊದಲಿನಿಂದ ಕೆಟ್ಟ ಹೆಸರು ಇರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. ಹತ್ತನೇ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು, ನಾಯಿಗೆ ಕಲ್ಲು ನಿಂತಿತು. ಹಳಗನ್ನಡದಲ್ಲಿ ಬೇಂಟೆ. ನನ್ನ ಪ್ರಕಾರ ಅದರ ಮೂಲ "ಬೇಟ", ಅಂದರೆ ಆಸೆ, ಒಲವು. ಬೇಟೆ ಒಂದು ಚಪಲ ತಾನೇ? ಇದನ್ನು ಹಿಂದೆಯೂ ಇಲ್ಲಿ ಹೇಳಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ತೆಂಕಣಿಗ ಬರೆದದ್ದು:

ಹಾಕಿಕೊಳ್ಳುವಂಥದ್ದು ಅಲ್ಲ, ಅದಕ್ಕೆ. ತಮಿಳಿನಲ್ಲಿ ಬೇಟೆಗೆ ವೇಟ್ಟೈ, ಆಸೆಗೆ ವೇಟ್ಕೈ. ಬೇರು ಬೇರೆ ಬೇರೆ. ಬೇಟ ಒಂದು ಕಡೆಯದು, ಬೇಂಟೆ ಇನ್ನೊಂದು ಕಡೆಯದು. ಬೇಂಟೆಯ ಸೊನ್ನೆ ಎಲ್ಲಿಂದ ಬಂತು ಅಂತ ಮೊದಲು ಹೇಳಿ, ಆಮೇಲೆ ಚಪಲದ ಮಾತು.

ಅಚ್ಚನುಡಿ ಬರೆದದ್ದು:

ಬೇಟೆ ಸರಿ ಹೋಯಿತು. "ವನ್ಯಜೀವಿ" ಯಾಕೆ ಬೇಕು? ಡೇರಿಗೆ ಹಾಲು ಹಾಕಲು ಬರುವ ಅಜ್ಜಿ ವನ್ಯಜೀವಿ ಅನ್ನುತ್ತಾಳಾ? ಕಾಡುಮಿಗ ಅಂತ ಬರೆಯಿರಿ. ಪೋಚರ್‌ಗೆ "ಬೇಟೆಗಳ್ಳ". ಮರಗಳ್ಳ, ಕಾಡುಗಳ್ಳ ಇವೆಯಲ್ಲ, ಅದೇ ಸಾಲು. ವೀರಪ್ಪನ್ 2004ರಲ್ಲಿ ಸಾಯುವವರೆಗೂ ನಮ್ಮ ಪತ್ರಿಕೆಗಳು ಅವನನ್ನು ಕಾಡುಗಳ್ಳ ಎಂದೇ ಕರೆದವು. ಅದರ ಜೊತೆ "ದಂತಚೋರ" ಅಂತಲೂ ಬರೆದವರು ಇದ್ದರು. ಊರಲ್ಲಿ ಯಾರ ಬಾಯಲ್ಲಿ ಯಾವುದು ಉಳಿದಿದೆ, ಕೇಳಿ ನೋಡಿ.

ಮಾಸ್ತರು ಬರೆದದ್ದು:

ಮಿಗ ಅಂದರೆ ಮೃಗ. ಸಂಸ್ಕೃತವನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟು ಅಚ್ಚಗನ್ನಡ ಅನ್ನಬೇಡಿ.

ಇನ್ನು "ಬೇಟೆಗಳ್ಳ". ಮೈಗಳ್ಳ ಅಂದರೆ ಮೈ ಕದಿಯುವವನಲ್ಲ. ಕೆಲಸಗಳ್ಳ ಕೆಲಸ ತಪ್ಪಿಸಿಕೊಳ್ಳುವವನು. ಆ ಲೆಕ್ಕದಲ್ಲಿ ಬೇಟೆಗಳ್ಳ ಅಂದರೆ ಬೇಟೆಗೆ ಹೋಗದೆ ಮನೆಯಲ್ಲಿ ಮಲಗಿದವನು. ಅವನಿಗೆ ಬಹುಮಾನ ಕೊಡಬೇಕು, ಜೈಲಲ್ಲ.

ಚಿಗರಿ, ಧಾರವಾಡ ಬರೆದದ್ದು:

ನಮ್ಮ ಕಡೆ ಜನ ಶಿಕಾರಿ ಅಂತಲೂ ಅನ್ನುತ್ತಾರೆ. ಪಾರಸಿಯಿಂದ ಬಂದದ್ದು, ಗೊತ್ತು. ಆದರೆ ಹಿಂದಿಯವರಿಗೆ ಶಿಕಾರಿ ಅಂದರೆ ಬೇಟೆಗಾರ, ನಮಗೆ ಬೇಟೆಯೇ ಶಿಕಾರಿ. "ಶಿಕಾರಿಗೆ ಹೋದರು" ಅನ್ನುತ್ತೇವೆ. ಅಷ್ಟು ತಿರುಗಿಸಿಕೊಂಡ ಮೇಲೆ ಅದು ನಮ್ಮದೇ. ಬೋರ್ಡಿಗೆ ಬೇಡ ಅಂದರೆ ಬಿಡಿ, ಮೈಸೂರು ಸೀಮೆಗೆ ಬೇಟೆಯೇ ಇರಲಿ. ಪಟ್ಟಿಯಿಂದ ಮಾತ್ರ ತೆಗೆಯಬೇಡಿ.

ಅಚ್ಚನುಡಿ ಬರೆದದ್ದು:

ಹೀಗೆ ಒಂದೊಂದೇ ಬಿಟ್ಟುಕೊಂಡು ಬಂದದ್ದಕ್ಕೇ ಇವತ್ತು ಬೋರ್ಡಿಗೆ ಒಂದು ಕನ್ನಡ ಪದ ಹುಡುಕುವ ಗತಿ ಬಂದಿರುವುದು.

ಕೋರ್ಟುತರ್ಜುಮೆ ಬರೆದದ್ದು:

ಎಲ್ಲರೂ ಸ್ವಲ್ಪ ನಿಲ್ಲಿ. ಪದ ಆರಿಸುವ ಮುಂಚೆ ಯಾರು ಓದುತ್ತಾರೆ ಅನ್ನುವುದನ್ನು ಕೇಳಬೇಕಿತ್ತು.

ನಾನು ಎಫ್‌ಐಆರ್, ಮಹಜರು ತರ್ಜುಮೆ ಮಾಡುವವನು. ವನ್ಯಜೀವಿ ಕೇಸುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: "ನಾನು ಬೇಟೆ ಆಡಿಲ್ಲ ಸ್ವಾಮಿ, ಹಂದಿಗೆ ಉರುಳು ಹಾಕಿದ್ದೆ." ಅವನು ಸುಳ್ಳು ಹೇಳುತ್ತಿಲ್ಲ. ಅವನ ಕನ್ನಡದಲ್ಲಿ ಬೇಟೆ ಅಂದರೆ ಕೋವಿ, ನಾಯಿ, ರಾತ್ರಿ ಟಾರ್ಚು. ಬೇಲಿ ಕೆಳಗೆ ಕಟ್ಟುವ ತಂತಿ ಬೇಟೆ ಅಲ್ಲ, ಬೆಳೆ ಕಾಯುವ ಕೆಲಸ. ಹಳೇ ಬೈಕಿನ ಕ್ಲಚ್ ವೈರ್ ತೆಗೆದು, ಒಂದು ತುದಿ ಗೂಟಕ್ಕೆ ಬಿಗಿದು, ಇನ್ನೊಂದು ತುದಿಗೆ ಜೀರುಗುಣಿಕೆ ಹಾಕಿ, ಹಂದಿ ತಲೆ ತೂರಿಸುವ ಎತ್ತರಕ್ಕೆ ಇಳಿಬಿಡುತ್ತಾರೆ. ಅದೇ ಕಂಡಿಯಲ್ಲಿ ಚಿರತೆ ನುಗ್ಗಿದರೆ ತಲೆ ದಾಟುತ್ತದೆ, ಕುಣಿಕೆ ಸೊಂಟಕ್ಕೆ ಬೀಳುತ್ತದೆ. ಎಳೆದಷ್ಟೂ ಬಿಗಿ. ಬೆಳಗ್ಗೆ ಪೇಪರಿನಲ್ಲಿ "ಉರುಳಿಗೆ ಸಿಲುಕಿ ಚಿರತೆ ಸಾವು".

ಕಾನೂನಿನ ಬೇಟೆ ಇದಕ್ಕಿಂತ ತುಂಬಾ ದೊಡ್ಡದು. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 2(16)ನೇ ಕಲಂ ಓದಿ. ಕೊಲ್ಲುವುದಷ್ಟೇ ಅಲ್ಲ. ವಿಷ ಇಡುವುದು, ಹಿಡಿಯುವುದು, ಉರುಳು ಹಾಕುವುದು, ಬೋನು ಇಡುವುದು, ಸೋವುವುದು (ಅಟ್ಟಿ ಓಡಿಸುವುದು), ಮೇವು ತೋರಿಸಿ ಕರೆಯುವುದು, ಇವುಗಳಿಗೆ ಪ್ರಯತ್ನ ಮಾಡುವುದು, ಎಲ್ಲವೂ ಬೇಟೆ. ಹಕ್ಕಿಯ ಮೊಟ್ಟೆ ಒಡೆದರೂ, ಗೂಡು ಕೆಡಿಸಿದರೂ ಬೇಟೆ. ಎರಡು ತಲೆ ಹಾವನ್ನು ಗೋಣಿಚೀಲಕ್ಕೆ ಹಾಕಿಕೊಂಡು ಗಿರಾಕಿ ಹುಡುಕುವವನೂ ಕಾಯ್ದೆಯ ಕಣ್ಣಿಗೆ ಬೇಟೆಗಾರನೇ. ಬೋರ್ಡಿನಲ್ಲಿ ಬರೀ ಕಳ್ಳಬೇಟೆ ಅಂತ ಇದ್ದರೆ ಅವನು ಅದು ತನಗಲ್ಲ ಅಂದುಕೊಂಡು ಸುಮ್ನೆ ಮುಂದೆ ಹೋಗುತ್ತಾನೆ.

ಹಾಗಾಗಿ ನಾಮಪದ ಹುಡುಕುವುದು ಬಿಟ್ಟು ಕ್ರಿಯಾಪದ ಬರೆಯಿರಿ. ಹಾಕುವುದು, ಹಿಡಿಯುವುದು, ಕೊಲ್ಲುವುದು, ಮಾರುವುದು, ಕೊಳ್ಳುವುದು. "ಕೊಳ್ಳುವುದು" ಬಿಡಬೇಡಿ. 2023ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಲಾಕೆಟ್ ಹಾಕಿಕೊಂಡದ್ದಕ್ಕೆ ಬಂಧನ ಆಯಿತಲ್ಲ, ಆಗ ರಾಜ್ಯವೆಲ್ಲ ಮಾತಾಡಿದ್ದು "ಹುಲಿ ಉಗುರು" ಅಂತ. "ವನ್ಯಜೀವಿ ಉತ್ಪನ್ನ" ಅಂತ ಯಾರೂ ಅನ್ನಲಿಲ್ಲ.

ತೆಂಕಣಿಗ ಬರೆದದ್ದು:

ಒಪ್ಪಿದೆ. ಒಂದು ಸಣ್ಣ ಅನುಮಾನ. "ಕಳ್ಳ" ಅನ್ನಬೇಕಾದರೆ ಯಾರದ್ದೋ ಸೊತ್ತು ಇರಬೇಕಲ್ಲ. ಕಾಡಿನ ಹಂದಿ ಯಾರದ್ದು?

ಕೋರ್ಟುತರ್ಜುಮೆ ಬರೆದದ್ದು:

ಅದೇ ಕಾಯ್ದೆಯ 39ನೇ ಕಲಂ ಇದೆ. ಬೇಟೆಯಾದ ಪ್ರಾಣಿ, ಅದರ ಚರ್ಮ, ದಂತ, ಮಾಂಸ ಸರ್ಕಾರದ ಸೊತ್ತು. ಕಳ್ಳ ಅನ್ನಲು ಅಡ್ಡಿಯಿಲ್ಲ. ಆ ಕಾಡಿನಲ್ಲೇ ಹುಟ್ಟಿ ಬೆಳೆದ ಜೇನುಕುರುಬರಿಗೆ ಈ ಲೆಕ್ಕ ಹೇಗೆ ಕೇಳಿಸುತ್ತದೆ ಅನ್ನುವುದು ಬೇರೆ ಮಾತು. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಹಗಲು ಕಾಯುವವರಲ್ಲಿ ಅವರೂ ಇದ್ದಾರೆ.

ಮಾರಾಟದ ವಿಷಯಕ್ಕೂ ಒಂದು ಮಾತು. ವ್ಯಾಪಾರ ಮೊದಲಿನಿಂದಲೂ ಕಳ್ಳತನ ಆಗಿರಲಿಲ್ಲ. ಮೈಸೂರಿನ ಬೀಟೆಮರದ ಕುಸುರಿಗೆ ಆನೆದಂತ ಕೂರಿಸುತ್ತಿದ್ದರು. ಕಾನೂನು ಬಿಗಿಯಾದ ಮೇಲೆ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಅದಕ್ಕೇ ಪತ್ರಿಕೆಗಳ "ಅಕ್ರಮ ವ್ಯಾಪಾರ" ಪೂರ್ತಿ ತಪ್ಪಲ್ಲ. ಬೋರ್ಡಿಗೆ ಉದ್ದ ಆಯಿತು, ಅಷ್ಟೇ.

ಅಚ್ಚನುಡಿ ಬರೆದದ್ದು:

"ಬೇಟೆ ಬೇಡ" ಅಂತ ದೊಡ್ಡದಾಗಿ ಬರೆದುಬಿಡಿ. ಎರಡೇ ಪದ, ಪ್ರಾಸವೂ ಇದೆ, ಅಪ್ಪಟ ಕನ್ನಡ.

ಚಿಗರಿ, ಧಾರವಾಡ ಬರೆದದ್ದು:

ಬೇಡ ಅನ್ನುವುದು ಜನರ ಹೆಸರೂ ಹೌದು. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಅಂತ ದಂಗೆ ಎದ್ದವರು. ಬೇಟೆ ಪಕ್ಕದಲ್ಲೇ ಅವರ ಹೆಸರು ಕೂರಿಸಿದರೆ ಯಾರೋ ಒಬ್ಬ ತಮಾಷೆ ಮಾಡುತ್ತಾನೆ, ಇನ್ನೊಬ್ಬ ಜಗಳಕ್ಕೆ ಬರುತ್ತಾನೆ.

ಮತ್ತೆ ಅಪ್ಪಟದ ಮಾತು. ಕಾಕನಕೋಟೆ ಇರುವುದು ಆ ಬೋರ್ಡಿನ ಸೀಮೆಯಲ್ಲೇ. ಅಲ್ಲಿ ಕಾಡಾನೆ ಹಿಂಡನ್ನು ಅಟ್ಟಿ, ಕೂಡಿಹಾಕಿ ಹಿಡಿಯುವುದು 1971ರಲ್ಲಿ ನಿಂತಿತು, ಅದಕ್ಕಿದ್ದ ಖೆಡ್ಡಾ ಅನ್ನುವ ಪದ ಇನ್ನೂ ನಿಂತಿಲ್ಲ. ಉತ್ತರದಿಂದ ಬಂದ ಪದ. ಮಹಾಪ್ರಾಣದ ಸಮೇತ ಬಂದಿದೆ. ಅದನ್ನು ಯಾವ ಬಾಗಿಲಿನಿಂದ ಹೊರಗೆ ಹಾಕುತ್ತೀರಿ?

ಅಚ್ಚನುಡಿ ಬರೆದದ್ದು:

ಬಾಯಲ್ಲಿ ಅದು ಕೆಡ್ಡ. ಮಹಾಪ್ರಾಣ ನಿಮ್ಮ ಕಾಗದದಲ್ಲಿ ಮಾತ್ರ.

ಮಾಸ್ತರು ಬರೆದದ್ದು:

ಸಾಗಣೆ ಅನ್ನಬೇಕು, "ಸಾಗಾಣಿಕೆ" ಅಲ್ಲ. ಇದನ್ನು ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಮಂಗಳೂರು ಪತ್ರಿಕೆಗಳ "ಸಾಗಾಟ" ಆದರೂ ಆದೀತು.

ಕಾಡಂಚಿನವ ಬರೆದದ್ದು:

ಎಲ್ಲರಿಗೂ ಧನ್ಯವಾದ. ಪೇಂಟರ್ ಬಂದು ಏಣಿ ಹಾಕಿದ್ದಾರೆ. ಬರೆಸುತ್ತಿರುವುದು ಇದು:

ಉರುಳು ಹಾಕಬೇಡಿ. ಹಂದಿಗೆ ಹಾಕಿದರೂ ಅದು ಕಳ್ಳಬೇಟೆ.
ಕಾಡುಪ್ರಾಣಿ ಹಿಡಿಯುವುದು, ಕೊಲ್ಲುವುದು ಅಪರಾಧ.
ಚರ್ಮ, ಉಗುರು, ದಂತ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ.
ಹುಲಿ, ಚಿರತೆ, ಆನೆ ಕೊಂದರೆ 3ರಿಂದ 7 ವರ್ಷ ಜೈಲು.

ಕಣ್ಣಿ ಕೈಬಿಟ್ಟೆ. ಇಲ್ಲಿ ಕಣ್ಣಿ ಅಂದರೆ ಕರು ಕಟ್ಟುವ ಹಗ್ಗ. ಕಾಡುಪ್ರಾಣಿಯ "ಪ್ರಾಣಿ" ಸಂಸ್ಕೃತ ಅಂತ ಅಚ್ಚನುಡಿಯವರು ಬರೆಯುತ್ತಾರೆ, ಗೊತ್ತು. "ಅಪರಾಧ"ಕ್ಕೂ ಬರೆಯುತ್ತಾರೆ. ಸಾಗಣೆ, ಸಾಗಾಟದ ಜಗಳಕ್ಕೆ ಬೇರೆ ಎಳೆ ಶುರುಮಾಡಿ. ಬೋರ್ಡಿನಲ್ಲಿ ಎರಡೂ ಇಲ್ಲ.